ಎರಡೇಟಿನ ಶಿಫಾರಸು

ನನ್ನ ತಮ್ಮ ಹೊಳಲ್ಕೆರೆಯಲ್ಲಿ ಬೋರ್‌ವೆಲ್ ಮೋಟಾರುಗಳಿಗೆ ತಂತಿ ಸುತ್ತುವವನು. ನಾನು ಹೊಸದುರ್ಗದ ಒಂದು ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಹೇಳಿಕೊಡುವವಳು. ನಮ್ಮಿಬ್ಬರಲ್ಲಿ ಯಾರಿಂದ ಜಿಲ್ಲೆಗೆ ಹೆಚ್ಚು ಉಪಯೋಗ ಎಂಬ ಪ್ರಶ್ನೆಯನ್ನು ಅವನು ಹಬ್ಬಕ್ಕೊಂದು ಸಲ ಎತ್ತುತ್ತಿದ್ದ. ನಾನು ಇನ್ನೊಂದು ಹೋಳಿಗೆ ಹಾಕಿ ಅವನ ಬಾಯಿ ಮುಚ್ಚಿಸುತ್ತಿದ್ದೆ.

ಈ ವರ್ಷ ಬೇಸಿಗೆ ಶುರುವಾಗುವ ಹೊತ್ತಿಗೆ ಹಿರಿಯೂರಿನ ಒಂದು ಓದುಗರ ಬಳಗದವರು ನನ್ನನ್ನು ಭಾಷಣಕ್ಕೆ ಕರೆದರು. ವಿಷಯ, ಬೇರೆ ಬೇರೆ ದೇಶಗಳಲ್ಲಿ ಪೊಲೀಸ್ ದೌರ್ಜನ್ಯ ಮತ್ತು ಅದರ ಮೂಲ ಕಾರಣಗಳು. ನನಗೆ ಬಹಳ ಹಿಡಿಸಿತು. ಬೇರೆ ಬೇರೆ ದೇಶಗಳು ಅಂದಿದ್ದರಲ್ಲ, ಅದೇ ಹಿಡಿಸಿದ್ದು. ನಮ್ಮ ಊರಿನ ಬಗ್ಗೆ ಮಾತಾಡಿ ಅಂದಿದ್ದರೆ ಗಂಟಲು ಕೆಟ್ಟಿದೆ ಅನ್ನುತ್ತಿದ್ದೆ.

ಒಂದು ಭಾನುವಾರ ಮಧ್ಯಾಹ್ನ ಚಿತ್ರದುರ್ಗದ ನನ್ನ ಮನೆಯ ನಡುಮನೆಯಲ್ಲಿ ಕಾಗದ ಹರಡಿಕೊಂಡು ಕೂತಿದ್ದೆ. ಅಮೆರಿಕದ್ದು ಒಂದು ರಾಶಿ, ಬ್ರೆಜಿಲಿನದು ಒಂದು, ಫ್ರಾನ್ಸು, ಕೀನ್ಯಾ, ನೈಜೀರಿಯಾ ಸೇರಿ ಇನ್ನೊಂದು. ತಮ್ಮ ಬಂದ. ಕಾಫಿ ಲೋಟವನ್ನು ಬ್ರೆಜಿಲಿನ ಮೇಲಿಟ್ಟ, ಕಾಲು ಚಾಚಿ ಫ್ರಾನ್ಸನ್ನು ಮುದುರಿಸಿದ. ಏನಿದೆಲ್ಲ ಎಂದು ಕೇಳಿದ. ಹೇಳಿದೆ. ಕಾಗದಗಳ ಮೇಲೆ ಕಣ್ಣಾಡಿಸಿದ.

"ಎಲ್ಲಾ ದೇಶಾನೂ ಹರಡ್ಕೊಂಡು ಕುಂತೀಯಲ್ಲಕ್ಕ, ನನ್ನ ಕಿವಿ ಯಾವ ದೇಶದಾಗೆ ಬರ್ತತೆ?"

ಇನ್ನು ಆ ಕಿವಿಯ ಕಥೆ ಹೇಳದೆ ಮುಂದೆ ಹೋಗುವಂತಿಲ್ಲ.

ಮೂರು ವರ್ಷದ ಹಿಂದೆ ಅವನು ಕುಡಿತಕ್ಕೆ ಬಿದ್ದಿದ್ದ. ಯಾರಿಗೂ ಬೈಯುತ್ತಿರಲಿಲ್ಲ, ಹೆಂಡತಿಯ ಮೇಲೆ ಕೈ ಮಾಡುತ್ತಿರಲಿಲ್ಲ. ಕುಡಿದು ಸುಮ್ಮನೆ ಮಲಗುತ್ತಿದ್ದ. ಆದರೆ ಅಂಗಡಿಯಲ್ಲಿ ಮೋಟಾರುಗಳು ಹೊಟ್ಟೆ ಬಿಚ್ಚಿಕೊಂಡು ವಾರಗಟ್ಟಲೆ ಬಿದ್ದಿರುತ್ತಿದ್ದವು. ಒಂದು ದಿನ ಬಾಗೂರಿನ ಇಬ್ಬರು ರೈತರು ಅವನನ್ನು ಹುಡುಕಿ ಸಾಕಾಗಿ, ನೇರವಾಗಿ ನನ್ನ ಕಾಲೇಜಿಗೇ ಬಂದರು. ನಾನು ಸಂವಿಧಾನದ ಪಾಠ ಮಾಡುತ್ತಿದ್ದೆ. ಬಾಗಿಲಲ್ಲಿ ನಿಂತು, ನಿಮ್ಮ ತಮ್ಮ ನಮ್ಮ ಮೋಟಾರು ಎಲ್ಲಿಟ್ಟಿದ್ದಾನೆ, ತೆಂಗು ಒಣಗುತ್ತಿದೆ ಎಂದು ಕೇಳಿದರು. ಮಕ್ಕಳೆಲ್ಲ ನಕ್ಕರು. ತಮ್ಮನ ಕುಡಿತಕ್ಕಿಂತ ಆ ನಗು ನನಗೆ ಹೆಚ್ಚು ನಾಟಿತು. ಇದನ್ನು ಆಗ ಒಪ್ಪಿಕೊಂಡಿರಲಿಲ್ಲ. ತಮ್ಮನ ಭವಿಷ್ಯದ ಚಿಂತೆ ಎಂದೇ ಎಲ್ಲರಿಗೂ ಹೇಳಿದೆ.

ನಮ್ಮ ಕಡೆ ಒಂದು ರೂಢಿ ಇದೆ. ಮನೆಯ ಗಂಡಸು ದಾರಿ ತಪ್ಪಿದರೆ ಮೊದಲು ಹಿರಿಯರು ಕೂರಿಸಿ ಹೇಳುತ್ತಾರೆ. ಆಮೇಲೆ ತಾಯತ ಕಟ್ಟಿಸುತ್ತಾರೆ. ಅದಕ್ಕೂ ಬಗ್ಗದಿದ್ದರೆ ಪರಿಚಯದ ಪೊಲೀಸರಿಗೆ ಹೇಳಿ ಎರಡೇಟು ಹಾಕಿಸುತ್ತಾರೆ. ಕೇಸಿಲ್ಲ, ಕಾಗದವಿಲ್ಲ. ಇಲ್ಲಿ ಎರಡು ಅನ್ನುವುದು ಬರೀ ಸೌಜನ್ಯ. ಮನೆಗೆ ಬಂದವರಿಗೆ ಎರಡು ತುತ್ತು ಉಂಡು ಹೋಗಿ ಅನ್ನುತ್ತೇವಲ್ಲ, ಹಾಗೆ. ಹೊಡೆಸುವವರು ಮನೆಯವರೇ ಆದ್ದರಿಂದ ಎಲ್ಲಿ ಹೊಡೆಯಬಾರದು ಎಂಬುದನ್ನೂ ಅವರೇ ಹೇಳಿ ಬರುತ್ತಾರೆ. ಹಿರೇಗುಂಟನೂರಿನ ಹೆಂಗಸೊಬ್ಬಳು ಬಸ್ಸಿನಲ್ಲಿ ನನ್ನ ಪಕ್ಕ ಕೂತು, ತನ್ನ ಗಂಡನನ್ನು ಸರಿ ಮಾಡಿದ ಪೇದೆಯ ಕೈಗುಣವನ್ನು ದುರ್ಗದವರೆಗೂ ಹೊಗಳಿದ್ದಳು. ಒಳ್ಳೆಯ ನಾಟಿ ವೈದ್ಯನ ವಿಳಾಸ ಕೊಡುವವರ ಧಾಟಿ. ನಾನೂ ಗಮನವಿಟ್ಟು ಕೇಳಿಸಿಕೊಂಡಿದ್ದೆ.

ನನಗೆ ವಿಳಾಸ ಹುಡುಕುವ ಕಷ್ಟವೂ ಇರಲಿಲ್ಲ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಪೇದೆಯಾಗಿದ್ದ. ಮುಂದಿನ ಬೆಂಚಿನ ಹುಡುಗ. ಮೂಲಭೂತ ಹಕ್ಕುಗಳನ್ನು ವಿಧಿಯ ಸಂಖ್ಯೆ ಸಮೇತ ಬಾಯಿಪಾಠ ಒಪ್ಪಿಸುತ್ತಿದ್ದ. ಎಲ್ಲಿ ಕಂಡರೂ ಟೋಪಿ ತೆಗೆದು ನಿಲ್ಲುತ್ತಿದ್ದ. ಹೊಳಲ್ಕೆರೆ ಬಸ್ ನಿಲ್ದಾಣದಲ್ಲಿ ಸಿಕ್ಕಿದಾಗ ವಿಷಯ ಹೇಳಿದೆ. ಎರಡು ಬಿಟ್ಟು ಬುದ್ಧಿ ಹೇಳಪ್ಪ ಎಂದೆ. ಬೆನ್ನಿಗೆ ಹೊಡಿ, ಹೊಟ್ಟೆಗೆ ಹೊಡೀಬೇಡ ಎಂಬ ಗಾದೆಯನ್ನೂ ಸೇರಿಸಿದೆ. ಜೀವಿಸುವ ಹಕ್ಕಿನ ಪಾಠ ಅವನಿಗೆ ಹೇಳಿಕೊಟ್ಟವಳೂ ನಾನೇ. ಎರಡಕ್ಕೂ ಅವನು ಒಂದೇ ಥರ ತಲೆಯಾಡಿಸಿದ.

"ನೀವು ಹೇಳಿದ್ ಮ್ಯಾಲೆ ಮುಗೀತು ಬಿಡ್ರಿ ಮೇಡಂ."

ಯಾವ ಠಾಣೆ ಎಂದು ಬರೆಯುವುದಿಲ್ಲ. ರಜೆಯ ದಿನ ಮಧ್ಯಾಹ್ನ ತಮ್ಮನನ್ನು ಯಾವುದೋ ಮೋಟಾರಿನ ವಿಚಾರ ಎಂದು ಕರೆಸಿದರು. ನಾನೂ ಹೋಗಿದ್ದೆ, ಕೈಯಲ್ಲಿ ಒಂದು ದೊಡ್ಡ ಪೊಟ್ಟಣ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ. ನಮ್ಮ ಕೆಲಸ ಮಾಡಿಕೊಡುವವರಿಗೆ ಬರಿಗೈಯಲ್ಲಿ ಹೋಗಬಾರದಲ್ಲ. ಒಳಗೆ ಬರಬ್ಯಾಡ್ರಿ, ನಿಮ್ಗೆ ನೋಡಕ್ಕಾಗಲ್ಲ ಎಂದು ಶಿಷ್ಯ ನನ್ನನ್ನು ಕಾಂಪೌಂಡಿನ ಹೊಂಗೆಮರದ ಕೆಳಗೆ ಬೆಂಚಿನ ಮೇಲೆ ಕೂರಿಸಿದ. ಅವನ ಕಣ್ಣು ಕೆಂಪಗಿತ್ತು. ಯಾರೋ ದೊಡ್ಡವರು ಜಿಲ್ಲೆಗೆ ಬಂದಿದ್ದರು, ಮೂರು ದಿನ ಬಂದೋಬಸ್ತಿನಲ್ಲಿ ನಿಂತಲ್ಲೇ ನಿಂತು ಬಂದಿದ್ದನಂತೆ. ಮನೆಗೆ ಹೋಗಿ ಮಲಗಪ್ಪ, ಇನ್ನೊಂದು ದಿನ ನೋಡಿದರಾಯಿತು ಎಂದು ಹೇಳಬಹುದಿತ್ತು. ಹೇಳಲಿಲ್ಲ. ನನಗೆ ಮರುದಿನ ಕಾಲೇಜಿತ್ತು.

ಒಳಗಿನಿಂದ ಒಂದು ಸದ್ದು ಕೇಳಿಸಿತು. ಒಂದೇ. ತಮ್ಮ ಹೊರಗೆ ಬರುವುದರೊಳಗೆ ನಾನು ಎದ್ದು ಬಸ್ಸು ಹತ್ತಿದೆ. ಹೊಡೆಸಿದ್ದು ಅಕ್ಕ ಎಂಬುದು ಅವನಿಗೆ ಅವತ್ತೇ ತಿಳಿಯಿತು, ಹೊಡೆದವನೇ ಹೇಳಿದ್ದ. ನಾನು ಹೊರಗೆ ಕೂತಿದ್ದೆ ಎಂಬುದು ಮಾತ್ರ ತಿಳಿಯಲಿಲ್ಲ. ಅದನ್ನು ಶಿಷ್ಯ ಹೇಳಲಿಲ್ಲ, ನಾನೂ ಹೇಳಲಿಲ್ಲ.

ಬೆನ್ನಿಗೆ ಬೀಳಬೇಕಾದದ್ದು ಕಪಾಳಕ್ಕೆ ಬಿದ್ದಿತ್ತು. ಎಡಗಿವಿಯಿಂದ ರಕ್ತ ಬಂತು. ದುರ್ಗದ ಕಿವಿ ಡಾಕ್ಟರು ತಮಟೆ ಹರಿದಿದೆ, ಒಳಗಿನ ನರಕ್ಕೂ ಪೆಟ್ಟಾಗಿದೆ ಎಂದರು. ಹೇಗಾಯಿತು ಎಂದು ಕೇಳಿದಾಗ ತಮ್ಮ ಹತ್ತಿ ಒತ್ತಿಕೊಂಡೇ ನನ್ನ ಕಡೆ ಕೈ ತೋರಿಸಿ, ನಮ್ಮಕ್ಕನ್ನ ಕೇಳ್ರಿ, ಅವ್ಳು ಪ್ರೊಫೆಸರು ಎಂದ. ಡಾಕ್ಟರು ನಕ್ಕು ಏನೂ ಬರೆದುಕೊಳ್ಳಲಿಲ್ಲ. ವಾರದ ಮೇಲೆ ಶಿಷ್ಯ ಸೇಬು ತಗೊಂಡು ಮನೆಗೆ ಬಂದ. ಕುರ್ಚಿಯ ತುದಿಯಲ್ಲಿ ಕೂತು, ಕೈ ಮೀರಿತು ಮೇಡಂ ಎಂದು ಅತ್ತ. ನಾನು ಅವನಿಗೆ ಕಾಫಿ ಕೊಟ್ಟೆ. ಇನ್ನೇನು ಕೊಡುವುದು? ದೂರು ಕೊಡುವುದಾದರೆ ಮೊದಲನೇ ಆರೋಪಿ ನಾನು, ಎರಡನೆಯವನು ನನ್ನ ಮಾತು ಮೀರದ ವಿದ್ಯಾರ್ಥಿ.

ತಮ್ಮನಿಗೆ ಎಡಗಿವಿ ಬರೀ ಕಿವಿಯಲ್ಲ, ಹೊಟ್ಟೆಪಾಡಿನ ಉಪಕರಣ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಬೋರಿನ ಪೈಪಿಗೆ ಒತ್ತಿ, ಹಿಡಿಯನ್ನು ಕಿವಿಗಿಟ್ಟು, ಪಾತಾಳದಲ್ಲಿ ಕೂತ ಮೋಟಾರು ಯಾಕೆ ನರಳುತ್ತಿದೆ ಎಂದು ಹೇಳುತ್ತಿದ್ದ. ಮೇಲೆ ಎತ್ತಿಸದೆಯೇ ರೋಗ ಹೇಳುವವನು ಎಂದು ಹೊಸದುರ್ಗದ ಕಡೆಯಿಂದಲೂ ಜನ ಬರುತ್ತಿದ್ದರು. ಬಲಗಿವಿಗೆ ಆ ವಿದ್ಯೆ ಇರಲಿಲ್ಲ. ಎರಡು ಸಲ ತಪ್ಪು ಹೇಳಿ, ಸುಮ್ಮನೆ ಮೋಟಾರು ಎತ್ತಿಸಿ, ಬೈಸಿಕೊಂಡ. ಈಗ ಅವನೂ ಎಲ್ಲರ ಹಾಗೆ ಮೊದಲು ಎತ್ತಿಸುತ್ತಾನೆ, ಆಮೇಲೆ ನೋಡುತ್ತಾನೆ. ಬಾಗೂರಿನವರು ಬೇರೆ ಮೆಕ್ಯಾನಿಕ್ ಹಿಡಿದರು.

ಕುಡಿತ ಬಿಟ್ಟ, ಅದು ನಿಜ. ಕಿವಿಗೆ ಕೊಟ್ಟ ಮಾತ್ರೆಯ ಜೊತೆ ಕುಡಿಯಬಾರದು ಎಂದು ಡಾಕ್ಟರು ಹೆದರಿಸಿದ್ದರು. ನಮ್ಮ ಬಂಧುಬಳಗ ಮಾತ್ರೆಯ ಮಾತೆತ್ತಲಿಲ್ಲ. ಪೂರ್ತಿ ಪುಣ್ಯವನ್ನು ಕಪಾಳಕ್ಕೇ ಕೊಟ್ಟಿತು. ಕಿವಿ ಹೋದರೆ ಹೋಗಲಿ, ಬುದ್ಧಿ ಬಂತಲ್ಲ ಎಂದು ನಮ್ಮ ಚಿಕ್ಕಮ್ಮ ಈಗಲೂ ಅನ್ನುತ್ತಾರೆ. ದಂಡಂ ದಶಗುಣಂ ಅನ್ನುವವರ ಮುಂದೆ ರಾಜ್ಯಶಾಸ್ತ್ರ ಏನು ಮಾಡೀತು.

ತಮ್ಮ ನನ್ನನ್ನು ಬೈಯಲಿಲ್ಲ. ಅದರ ಬದಲು ತಮಾಷೆ ಮಾಡಿದ, ಮೂರು ವರ್ಷ ಬಿಡದೆ. ಗಿರಾಕಿಗಳು ಕಿವಿಗೇನಾಯಿತು ಅಂದರೆ, ನಮ್ಮಕ್ಕ ಎರಡಕ್ಕೆ ಶಿಫಾರಸು ಮಾಡಿದ್ಲು, ಒಂದಕ್ಕೇ ಮುಗೀತು ಅನ್ನುವನು. ಮದುವೆ ಮನೆಗಳಲ್ಲಿ ನನ್ನನ್ನು ಪರಿಚಯಿಸುವುದೂ ಹೀಗೆಯೇ. ನಾನು ಕೆಂಪಗಾಗುತ್ತಿದ್ದೆ, ಒಳಗೊಳಗೆ ಹಗುರವೂ ಆಗುತ್ತಿದ್ದೆ. ತಮಾಷೆ ಮಾಡುತ್ತಿದ್ದಾನೆ ಅಂದರೆ ಕ್ಷಮಿಸಿದ್ದಾನೆ ಎಂದೇ ನನ್ನ ಲೆಕ್ಕ.

ಇಷ್ಟೆಲ್ಲ ಹಿನ್ನೆಲೆ ಇರುವ ಕಿವಿ ಆ ಭಾನುವಾರ ಯಾವ ದೇಶಕ್ಕೆ ಸೇರುತ್ತದೆ ಎಂದು ಕೇಳಿದರೆ ನಾನೇನು ಹೇಳಲಿ. ಹಿರಿಯೂರಿಗೆ ತನ್ನ ಗೂಡ್ಸ್ ಗಾಡಿಯಲ್ಲೇ ಕರೆದುಕೊಂಡು ಹೋಗುತ್ತೇನೆ ಎಂದ, ಒಂದು ಷರತ್ತಿನ ಮೇಲೆ. ಭಾಷಣದಲ್ಲಿ ಅವನ ಕಿವಿಯ ವಿಷಯ ಬರಬೇಕು. ಅವರಿವರ ಹೆಸರಲ್ಲಿ ಅಲ್ಲ, ನಾನೇ ಹೊಡೆಸಿದೆ ಎಂದು ನನ್ನ ಬಾಯಿಂದ, ಮೈಕಿನಲ್ಲಿ. ನಗುತ್ತಲೇ ಹೇಳಿದ, ಆದರೆ ಲೋಟ ಕೆಳಗಿಟ್ಟು ಹೇಳಿದ. ಆಯಿತು ಎಂದು ಮಾತು ಕೊಟ್ಟೆ.

ಹೋಗುವ ದಿನ ದಾರಿಯುದ್ದಕ್ಕೂ ಭಾಷಣ ಅಭ್ಯಾಸ ಮಾಡಿದೆ. ಗಾಡಿ ಓಡಿಸುವವನ ಎಡಕ್ಕೆ ನನ್ನ ಸೀಟು, ಅಂದರೆ ಅವನ ಕೇಳದ ಕಿವಿಯ ಕಡೆ. ನಾನು ಅಮೆರಿಕದಿಂದ ಕೀನ್ಯಾದವರೆಗೂ ಜೋರಾಗಿ ಹೇಳಿಕೊಳ್ಳುತ್ತಿದ್ದೆ, ಅವನು ಹಾಯಾಗಿ ಓಡಿಸುತ್ತಿದ್ದ. ಮೋಟಾರಿನ ತಂತಿಗೆ ಬಳಿಯುವ ವಾರ್ನಿಷ್ ವಾಸನೆಯ ಗಾಡಿಯಿಂದ ರೇಷ್ಮೆ ಸೀರೆಯಲ್ಲಿ ಇಳಿದ ಮುಖ್ಯ ಅತಿಥಿಯನ್ನು ನೋಡಿ ಬಳಗದವರು ಸ್ವಲ್ಪ ಗಾಬರಿಯಾದರು. ಅವರ ಕಾರ್ಯದರ್ಶಿ, ನಿವೃತ್ತ ಮುಖ್ಯೋಪಾಧ್ಯಾಯಿನಿ, ಬಹಳ ಮೆದು ಮಾತಿನ ಹೆಂಗಸು, ತಮ್ಮನನ್ನು ಡ್ರೈವರ್ ಎಂದುಕೊಂಡು ಹೊರಗೆ ಟೀ ಕೊಡಿಸಿದರು. ಅವನು ತಿದ್ದಲಿಲ್ಲ, ಟೀ ಕುಡಿದು ಬಂದು ಕೊನೆಯ ಸಾಲಿನಲ್ಲಿ ಕೂತ.

ಭಾಷಣ ಚೆನ್ನಾಗಿಯೇ ಬಂತು. ಒಂದು ದೇಶದಲ್ಲಿ ಪೊಲೀಸರ ಕೈ ಚರ್ಮದ ಬಣ್ಣ ನೋಡಿ ಏಳುತ್ತದೆ ಎಂದೆ. ಇನ್ನೊಂದರಲ್ಲಿ ಗುಡ್ಡದ ಮೇಲಿನ ಬಡವರ ಕೇರಿಗೆ ಅವರು ಯುದ್ಧಕ್ಕೆ ಹೋದಂತೆ ಹೋಗುತ್ತಾರೆ, ಮತ್ತೊಂದರಲ್ಲಿ ವಲಸೆ ಬಂದವರ ಮಕ್ಕಳು ಮೊಮ್ಮಕ್ಕಳಾದರೂ ಗುರುತಿನ ಚೀಟಿ ತೋರಿಸುವುದು ತಪ್ಪುವುದಿಲ್ಲ ಎಂದೆ. ಬ್ರಿಟಿಷರು ಆಳಿದ ಕಡೆಯೆಲ್ಲ ಪೊಲೀಸರನ್ನು ಕಟ್ಟಿದ್ದೇ ಜನರನ್ನು ಹೆದರಿಸಿಡಲು, ಅವರು ಹೋದರೂ ಲಾಠಿ ಇಲ್ಲೇ ಉಳಿಯಿತು ಎಂದಾಗ ಒಬ್ಬ ಹಿರಿಯರು ಜೋರಾಗಿ ತಲೆಯಾಡಿಸಿದರು. ತನಿಖೆ ಕಲಿಸದೆ ಫಲಿತಾಂಶ ಕೇಳಿದರೆ ಏಟೇ ಹತ್ತಿರದ ದಾರಿ, ಮೇಲಿನವರು ಕೆಳಗಿನವರನ್ನು ನಿದ್ದೆಗೆಡಿಸಿದರೆ ಕೆಳಗಿನವರು ಕೈಗೆ ಸಿಕ್ಕವರ ಮೇಲೆ ತೀರಿಸುತ್ತಾರೆ, ಹೊಡೆದವರಿಗೆ ಶಿಕ್ಷೆಯಾಗುವುದು ಅಪರೂಪ. ಹೀಗೆ ಕಾರಣಗಳನ್ನು ಒಂದೊಂದಾಗಿ ಬಿಡಿಸಿದೆ. ಕೊನೆಗೆ, ಜನರೇ ಒಪ್ಪಿಗೆ ಕೊಟ್ಟ ಹಿಂಸೆ ಎಂಬ ಭಾಗಕ್ಕೆ ಬಂದೆ.

ಕೊನೆಯ ಸಾಲಿನಲ್ಲಿ ತಮ್ಮ ಬಲಗಿವಿಯನ್ನು ನನ್ನ ಕಡೆ ತಿರುಗಿಸಿ ನೆಟ್ಟಗೆ ಕೂತ.

"ನಮ್ಮದೇ ಜಿಲ್ಲೆಯಲ್ಲಿ ಒಂದು ಕುಟುಂಬ," ಎಂದು ಶುರುಮಾಡಿದೆ. ಅಲ್ಲಿಯೇ ಕೆಟ್ಟಿತು. ಮುಂದಿನ ಸಾಲಿನಲ್ಲಿ ನನ್ನ ಇಬ್ಬರು ಹಳೆಯ ವಿದ್ಯಾರ್ಥಿನಿಯರಿದ್ದರು, ಈಗ ಅವರೂ ಉಪನ್ಯಾಸಕಿಯರು. ನಾನು ಎಂಬ ಒಂದು ಮಾತು ನಾಲಿಗೆಯ ಮೇಲೆ ಬಂದು ವಾಪಸ್ಸು ಹೋಯಿತು. ಆ ಕುಟುಂಬದವರು ಹೀಗೆ ಮಾಡಿದರು, ಅದರಿಂದ ಒಬ್ಬ ಕುಶಲಕರ್ಮಿ ಕಿವಿ ಕಳೆದುಕೊಂಡ ಎಂದು ಮುಗಿಸಿದೆ. ಅಯ್ಯೋ ಪಾಪ ಎಂದು ಸಭೆಯಲ್ಲಿ ನಿಟ್ಟುಸಿರು ಕೇಳಿಸಿತು. ಚಪ್ಪಾಳೆ ಬಂತು. ಹೇಳೋದು ಶಾಸ್ತ್ರ, ಹಾಕೋದು ಗಾಳ ಎಂಬ ಗಾದೆ ನನ್ನಂಥವರಿಗಾಗಿಯೇ ಇರುವುದು. ತಮ್ಮನೂ ಚಪ್ಪಾಳೆ ತಟ್ಟಿದ, ಎಲ್ಲರೂ ನಿಲ್ಲಿಸಿದ ಮೇಲೂ ಇನ್ನೆರಡು.

ಶಾಲು ಹೊದೆಸಿ ಹಣ್ಣಿನ ಬುಟ್ಟಿ ಕೊಟ್ಟರು. ಬುಟ್ಟಿಯನ್ನು ತಮ್ಮ ತೆಗೆದುಕೊಂಡ. ಹೊರಡುವಾಗ ಕಾರ್ಯದರ್ಶಿ ನನ್ನನ್ನು ಕುರ್ಚಿ ಪೇರಿಸಿಟ್ಟ ಪಕ್ಕದ ಕೋಣೆಗೆ ಕರೆದರು. ತಮ್ಮನೂ ಬುಟ್ಟಿ ಹಿಡಿದು ಹಿಂದೆಯೇ ಬಂದ. ಭಾಷಣ ಕಣ್ಣು ತೆರೆಸಿತು ಎಂದು ಆ ಹೆಂಗಸು ನನ್ನ ಕೈ ಹಿಡಿದುಕೊಂಡರು. ಆಮೇಲೆ ದನಿ ತಗ್ಗಿಸಿದರು. ಮೂವತ್ತು ದಾಟಿದ ಮಗನಂತೆ, ಸಂಜೆಯಾದರೆ ಕುಡಿತವಂತೆ, ಯಾರ ಮಾತೂ ಕೇಳುವುದಿಲ್ಲವಂತೆ.

"ನಿಮ್ ಶಿಷ್ಯರು ಪೊಲೀಸ್‌ನಾಗೆ ಅದಾರಂತಲ್ಲ ಮೇಡಂ. ಒಂದ್ ಎರಡು ಹಾಕ್ಸಿ ಕೊಡ್ರಿ. ಜೋರಾಗಿ ಬ್ಯಾಡ, ಹೆದರಿಕೆಗೆ ಅಷ್ಟೆ."

ನನಗೆ ಸಿಟ್ಟು ನೆತ್ತಿಗೇರಿತು. ಒಂದು ಗಂಟೆ ಗಂಟಲು ಹರಿದುಕೊಂಡದ್ದು ಇದಕ್ಕೇನಾ ಎಂದು ಕೇಳಬೇಕೆನಿಸಿತು. ಆದರೆ ಆ ಮುಖದಲ್ಲಿ ಇದ್ದದ್ದು ಮೂರು ವರ್ಷದ ಹಿಂದಿನ ನನ್ನದೇ ಮುಖ. ನಾನು ಹಾಕಿಸಿದ್ದೇನೆ ಎಂದೆ. ಇವನಿಗೇ. ಇವನು ಡ್ರೈವರ್ ಅಲ್ಲ, ನನ್ನ ಒಡಹುಟ್ಟಿದವನು. ಕುಡಿತ ಬಿಡಿಸಲು ಎರಡಕ್ಕೆ ಹೇಳಿದ್ದೆ, ಒಂದಕ್ಕೇ ಎಡಗಿವಿ ಹೋಯಿತು. ಭಾಷಣದಲ್ಲಿ ಹೇಳಿದ ಕುಟುಂಬ ನಾನೇ. ಒಳಗೆ ಹೊಡೆಯುವಾಗ ನಾನು ಹೊರಗೆ ಬೆಂಚಿನ ಮೇಲೆ ಕೂತಿದ್ದೆ, ಸದ್ದು ಕೇಳಿಸಿತು. ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ.

ಆ ಹೆಂಗಸು ನನ್ನ ಕೈ ಬಿಟ್ಟರು. ತಮ್ಮನ ಕಿವಿಯನ್ನು ಕನಿಕರದಿಂದ ನೋಡಿದರು. ಆಮೇಲೆ ಮೆಲ್ಲಗೆ ಕೇಳಿದರು.

"ಈಗ ಕುಡಿಯೋದು ಬಿಟ್ಟಾರ?"

ಬಿಟ್ಟಿದ್ದೇನೆ ಎಂದು ತಮ್ಮ ಬಹಳ ವಿನಯದಿಂದ ಹೇಳಿ, ಬುಟ್ಟಿಯಿಂದ ಒಂದು ಮೂಸಂಬಿ ತೆಗೆದು ಅವರ ಕೈಗೆ ಕೊಟ್ಟ.

ಗಾಡಿ ಹತ್ತಿದ ಮೇಲೆ ಅವನು ಶುರುಮಾಡುತ್ತಾನೆ ಎಂದು ಕಾದೆ. ಸಭೆಯಲ್ಲಿ ಕುಟುಂಬ, ಕೋಣೆಯಲ್ಲಿ ಅಕ್ಕ ಎಂದಾದರೂ ಚುಚ್ಚಬೇಕಿತ್ತು. ನಾನೇ ಆ ಹೆಂಗಸಿನ ಪ್ರಶ್ನೆಯನ್ನು ಅಣಕಿಸಿ ಹೇಳಿ ನಕ್ಕೆ. ಅವನು ರಸ್ತೆ ನೋಡುತ್ತಿದ್ದ. ಹೆದ್ದಾರಿಗೆ ಬಂದೆವು. ಸಂಜೆ ಬಿಸಿಲಿಗೆ ಗುಡ್ಡದ ಮೇಲಿನ ಗಾಳಿಯಂತ್ರಗಳು ತಿರುಗುತ್ತಿದ್ದವು. ಐಮಂಗಲದ ಹತ್ತಿರ ಬಂದಾಗ ನೀನು ಅವತ್ತು ಅಲ್ಲೇ ಇದ್ದೆಯಾ ಎಂದು ಕೇಳಿದ. ಇದ್ದೆ ಎಂದೆ. ನಾನು ಹೊರಗೆ ಬಂದಾಗ ಬೆಂಚಿನ ಮೇಲೆ ಯಾರೂ ಇರಲಿಲ್ಲ ಎಂದ. ಬಸ್ಸು ಬಂತು, ಹೋದೆ ಎಂದೆ.

"ಸದ್ದು ಕೇಳ್ದಾಗ ನಿನಗೇನನ್ನಿಸ್ತು?"

ಪಾಠ ಹೇಳಿ ಹೇಳಿ ನನ್ನ ಹತ್ತಿರ ಮಾತಿಗೇನು ಬರವಿಲ್ಲ. ಎದೆ ಧಸಕ್ಕೆಂದಿತು ಅನ್ನಬಹುದಿತ್ತು, ಅವನು ನಂಬುತ್ತಿದ್ದ. ಯಾಕೋ ಆಗಲಿಲ್ಲ. ನಿಜ ಹೇಳಿದೆ. ಹೇಳಿದ್ದು ಅವನ ಎಡಗಿವಿಯ ಕಡೆಗೆ, ಅದೂ ಪಕ್ಕದಲ್ಲಿ ಲಾರಿಯೊಂದು ಹಾದುಹೋಗುವಾಗ. ಅವನು ಗಾಡಿಯನ್ನು ರಸ್ತೆಯ ಅಂಚಿಗೆ ಇಳಿಸಿ ಎಂಜಿನ್ ಆರಿಸಿದ. ಸೀಟಿನಲ್ಲಿ ಪೂರ್ತಿ ಮೈ ತಿರುಗಿಸಿ, ಬಲಗಿವಿಯನ್ನು ನನ್ನ ಮುಖದ ಹತ್ತಿರ ತಂದ.

"ಕೇಳಿಸ್ಲಿಲ್ಲ. ಇನ್ನೊಂದ್ ಸಲ ಹೇಳು."

"ಸಮಾಧಾನ ಆಯ್ತು ಕಣೋ," ಎಂದೆ.

ಅಷ್ಟು ಹೇಳಿದ ಮೇಲೆ ಉಳಿದದ್ದೂ ಬಂತು. ಬಾಗೂರಿನವರ ಮುಂದೆ, ನನ್ನ ಕ್ಲಾಸಿನ ಮಕ್ಕಳ ಮುಂದೆ ಹೋದ ಮಾನ ಆ ಸದ್ದಿನ ಜೊತೆ ವಾಪಸ್ಸು ಬಂದಂತಾಗಿತ್ತು. ಇನ್ನೊಂದು ಬೀಳುತ್ತದೇನೋ ಎಂದು ಕಿವಿಗೊಟ್ಟು ಕಾದಿದ್ದೆ. ಬೀಳದೆ ಹೋದಾಗ ಒಂದೇನಾ ಅನ್ನಿಸಿತ್ತು. ಐದು ದೇಶದ ಕಾಗದ ಓದಿ ಬರೆದ ಕಾರಣಗಳಲ್ಲಿ ಇದನ್ನು ನಾನು ಎಲ್ಲೂ ಬರೆದಿರಲಿಲ್ಲ.

ತಮ್ಮ ನೇರ ಕೂತು ಗಾಡಿ ಶುರುಮಾಡಿದ. ಮನೆಯ ಮುಂದೆ ಬುಟ್ಟಿ ಇಳಿಸಿಕೊಟ್ಟ, ಊಟ ಬೇಡ ಎಂದು ಹೊಳಲ್ಕೆರೆಗೆ ಹೊರಟ.

ಅದಾಗಿ ನಾಲ್ಕು ತಿಂಗಳಾಯಿತು. ಅವನು ಬರುವುದು ನಿಲ್ಲಿಸಿಲ್ಲ. ಬರುತ್ತಾನೆ, ಉಣ್ಣುತ್ತಾನೆ, ನನ್ನ ಮಂಡಿನೋವು ವಿಚಾರಿಸುತ್ತಾನೆ. ಸಿಟ್ಟು ಮಾಡಿಕೊಂಡಿದ್ದರೆ ಸಮಾಧಾನ ಮಾಡಬಹುದಿತ್ತು, ಸಿಟ್ಟೂ ಇಲ್ಲ. ಮೊನ್ನೆ ನಮ್ಮ ಮನೆಯ ಮೋಟಾರು ಕೆಟ್ಟು ಅವನನ್ನು ಕರೆಸಿದ್ದೆ. ಮೇಲಿನ ಮನೆಗೆ ಹೊಸದಾಗಿ ಬಂದ ಬಾಡಿಗೆಯವರು ಅಂಗಳದಲ್ಲಿ ಅವನ ಹತ್ತಿರ ಮಾತಿಗೆ ನಿಂತರು. ಎರಡು ಸಲ ಕರೆದರೂ ತಿರುಗದಿದ್ದುದಕ್ಕೆ, ಕಿವಿಗೇನಾಯಿತು ಎಂದು ಕೇಳಿದರು. ಒಳಗೆ ಕಾಫಿ ಸೋಸುತ್ತಿದ್ದ ನಾನು ಶಿಫಾರಸಿನ ತಮಾಷೆಗೆ ನಗಲು ತಯಾರಾಗಿ ಕೈ ನಿಲ್ಲಿಸಿದೆ.

"ಬೈಕಿಂದ ಬಿದ್ದಿದ್ದೆ ರೀ," ಎಂದ.